ಹೊಸ ಎಸ್‌ಎಸ್‌ಡಿ ಕಾಣಿಸದಿದ್ದಾಗ: ಬಯಾಸ್, ಲೈವ್ ಪೆನ್‌ಡ್ರೈವ್, ಎನ್‌ಕ್ಲೋಷರ್ – ಒಂದು ಹೋಲಿಕೆ

ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಅದು ಕಾಣಿಸುತ್ತಿಲ್ಲ ಎಂದಾಗ ಅದಕ್ಕೆ ಹಲವು ಕಾರಣಗಳಿರಬಹುದು. ಡ್ರೈವೇ ಕೆಟ್ಟಿರಬಹುದು, ಆ ಬಗೆಯ ಡ್ರೈವ್ ಸ್ಲಾಟಿಗೆ ಒಗ್ಗದಿರಬಹುದು, ಬಯಾಸಿನ (ವಿಂಡೋಸಿಗೂ ಮೊದಲು ಚಾಲೂ ಆಗುವ, ಲ್ಯಾಪ್‌ಟಾಪಿನೊಳಗಿನ ಮೂಲ ತಂತ್ರಾಂಶದ) ಯಾವುದೋ ಸೆಟ್ಟಿಂಗ್ ಅದನ್ನು ವಿಂಡೋಸಿನಿಂದ ಮರೆಮಾಡಿರಬಹುದು, ಇಲ್ಲವೇ ಎಲ್ಲವೂ ಸರಿಯಿದ್ದು ಡ್ರೈವನ್ನು ಇನಿಷಿಯಲೈಸ್ ಮಾಡುವುದು, ಅಂದರೆ ಮೊದಲ ಬಳಕೆಗೆ ಸಿದ್ಧಪಡಿಸುವುದಷ್ಟೇ ಬಾಕಿ ಇರಬಹುದು. ಉಡುಪಿಯ ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳಿಗೆ ಈ ತೊಂದರೆ ಬಂದಿತ್ತು. ಒಂದು ನನ್ನ ಹಳೆಯದು, ಅದರಲ್ಲಿ 2.5 ಇಂಚಿನ ಹಾರ್ಡ್ ಡಿಸ್ಕಿನ ಜಾಗವೂ ತೆಳು ಪಟ್ಟಿಯಂಥ ಡ್ರೈವ್ ಕೂರುವ ಒಂದು ಎಂ.2 ಸ್ಲಾಟೂ ಇವೆ. ಇನ್ನೊಂದು ಮಣಿಪಾಲದಲ್ಲಿ ಓದುತ್ತಿರುವ ಅಕ್ಕನ ಮಗನದು, ಇಂಟೆಲ್ 11ನೆಯ ತಲೆಮಾರಿನ ಪ್ರೊಸೆಸರ್ ಇರುವಂಥದ್ದು. ಕಾರಣ ಹುಡುಕಲು ಜನ ಸಾಮಾನ್ಯವಾಗಿ ಸೂಚಿಸುವ ಮೂರು ದಾರಿಗಳನ್ನೂ ಈ ಎರಡರ ಮೇಲೆ ಪ್ರಯೋಗಿಸಿ ನೋಡಿದ್ದೇನೆ.

ಮೂರಕ್ಕೂ ಮೊದಲು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟನ್ನು ತೆರೆದು ನೋಡಬೇಕು. ಹೊಸ ಡ್ರೈವಿನಲ್ಲಿ ಪಾರ್ಟಿಶನ್ ಇರುವುದಿಲ್ಲವಾದ್ದರಿಂದ ಅದು ‘ದಿಸ್ ಪಿಸಿ’ಯಲ್ಲಿ ಕಾಣುವುದೇ ಇಲ್ಲ. ಇಲ್ಲಿ ‘ನಾಟ್ ಇನಿಷಿಯಲೈಸ್ಡ್’ ಎಂದು ಕಂಡರೆ ಜಿಪಿಟಿ (ಡ್ರೈವಿನ ಜಾಗದ ವಿಂಗಡಣೆಯನ್ನು ಬರೆದಿಡುವ ಹೊಸ ಕ್ರಮ) ಆರಿಸಿ ವಾಲ್ಯೂಮ್ ಮಾಡಿಕೊಂಡರೆ ಕೆಲಸ ಮುಗಿಯಿತು. ಎಂಬಿಆರ್ ಎಂಬ ಹಳೆಯ ಕ್ರಮವನ್ನು ಆರಿಸಿದರೆ 2 ಟಿಬಿಗಿಂತ ಆಚೆಗಿನ ಜಾಗ ಬಳಕೆಗೆ ಸಿಗುವುದಿಲ್ಲ.

ಮೊದಲ ದಾರಿ ಬಯಾಸ್. ಇದಕ್ಕೆ ಖರ್ಚಿಲ್ಲ, ಬೇರೆ ಸಾಧನವೂ ಬೇಡ. ಆದರೆ ಎಲ್ಲಿ ನೋಡಬೇಕೆಂಬುದು ಮುಖ್ಯ. ಅನೇಕರು ಬೂಟ್ ಪಟ್ಟಿಯನ್ನಷ್ಟೇ ನೋಡಿ ‘ಬಯಾಸಿನಲ್ಲೂ ಇಲ್ಲ’ ಎಂದುಬಿಡುತ್ತಾರೆ. ಬೂಟ್ ಲೋಡರ್ (ಆಪರೇಟಿಂಗ್ ಸಿಸ್ಟಮನ್ನು ಚಾಲೂ ಮಾಡುವ ಭಾಗ) ಇಲ್ಲದ ಖಾಲಿ ಡ್ರೈವ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಪಟ್ಟಿಗೆ ಬರುವುದೇ ಇಲ್ಲ. ಸ್ಟೋರೇಜ್ ಅಥವಾ ಎನ್‌ವಿಎಂಇ (ಎಸ್‌ಎಸ್‌ಡಿಯನ್ನು ಜೋಡಿಸುವ ಹೊಸ, ವೇಗದ ಬಗೆ; ಹಳೆಯ ಬಗೆ ಸಾಟಾ) ಎಂಬ ಪುಟದಲ್ಲಿ ಡ್ರೈವಿನ ಮಾದರಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಅಳಿಯನ ಲ್ಯಾಪ್‌ಟಾಪಿನಲ್ಲಿ ಮಾದರಿ ಸಂಖ್ಯೆಯೂ ಗಾತ್ರವೂ ಅಲ್ಲಿ ಸ್ಪಷ್ಟವಾಗಿ ಇದ್ದವು. ಹೀಗಿದ್ದೂ ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೊರಟರೆ ‘ಯಾವ ಡ್ರೈವೂ ಇಲ್ಲ’ ಎಂಬ ಉತ್ತರ ಬರುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಸಾಲೇ ಖಾಲಿ. ಖಾಲಿ ಸಾಲಿನಿಂದ ಕಾರಣ ತಿಳಿಯುವುದಿಲ್ಲ: ಡ್ರೈವ್ ಸತ್ತಿದ್ದರೂ, ಸರಿಯಾಗಿ ಕೂರದಿದ್ದರೂ, ಸ್ಲಾಟಿಗೆ ಒಗ್ಗದಿದ್ದರೂ ಬಯಾಸ್ ಒಂದೇ ರೀತಿ ಮೌನವಾಗಿರುತ್ತದೆ. ಬಯಾಸಿನಿಂದ ಸಿಗುವ ‘ಇದೆ’ ಎಂಬ ಉತ್ತರಕ್ಕೆ ಬೆಲೆಯಿದೆ, ‘ಇಲ್ಲ’ ಎಂಬುದಕ್ಕೆ ಅಷ್ಟಿಲ್ಲ.

ಎರಡನೆಯದು ಲೈವ್ ಪೆನ್‌ಡ್ರೈವ್, ಅಂದರೆ ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ, ಇನ್‌ಸ್ಟಾಲ್ ಮಾಡದೆ, ನಡೆಸಿ ನೋಡುವುದು. 8 ಜಿಬಿಯ ಪೆನ್‌ಡ್ರೈವ್ ಸಾಕು. ‘ಮಾಮ, ಡ್ರೈವೇ ಡೆಡ್ ಇರ್ಬೇಕು, ವಾಪಸ್ ಕಳಿಸುವ’ ಎಂದು ಅಳಿಯ ಪೆಟ್ಟಿಗೆ ಕಟ್ಟಲು ಸಿದ್ಧನಾಗಿದ್ದ. ಉಬುಂಟುವಿನ ‘ಡಿಸ್ಕ್ಸ್’ ತೆರೆದಾಗ ಡ್ರೈವ್ ಹೆಸರುಸಮೇತ ಅಲ್ಲಿತ್ತು, ಅದರ ಆರೋಗ್ಯದ ವರದಿಯೂ ಸರಿಯಿತ್ತು. ಕಾರಣ ಇಂಟೆಲ್‌ನ ವಿಎಂಡಿ. 11ನೆಯ ತಲೆಮಾರಿನಿಂದ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡ್ರೈವನ್ನು ಈ ವಿಎಂಡಿ ನಿಯಂತ್ರಕದ ಹಿಂದೆ ಇಡುವ ವ್ಯವಸ್ಥೆ ಬಂದಿದೆ. ಈಚಿನ ಲಿನಕ್ಸ್ ಕರ್ನೆಲ್‌ನಲ್ಲಿ ಅದರ ಡ್ರೈವರ್ (ಆ ಸಾಧನವನ್ನು ಗುರುತಿಸಿ ನಡೆಸುವ ತಂತ್ರಾಂಶ) ಒಳಗೇ ಇರುತ್ತದೆ, ವಿಂಡೋಸಿನ ಇನ್‌ಸ್ಟಾಲರಿನಲ್ಲಿ ಹಲವು ವೇಳೆ ಇರುವುದಿಲ್ಲ.

ಇದಕ್ಕೆ ಪರಿಹಾರ ಎರಡಿವೆ. ಈ ನಿಯಂತ್ರಕಕ್ಕಾಗಿ ಇಂಟೆಲ್ ಕೊಡುವ ಆರ್‌ಎಸ್‌ಟಿ ಡ್ರೈವರನ್ನು ಇಳಿಸಿಕೊಂಡು, ಅದನ್ನು ಬಿಚ್ಚಿ ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡುವಾಗ ‘ಲೋಡ್ ಡ್ರೈವರ್’ ಒತ್ತಿ ತೋರಿಸುವುದು ಒಂದು. ಬಯಾಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು. ಒಳಗೆ ಆಗಲೇ ವಿಂಡೋಸ್ ಇರುವ ಲ್ಯಾಪ್‌ಟಾಪಿಗೆ ಎರಡನೆಯದನ್ನು ನಾನು ಸೂಚಿಸುವುದಿಲ್ಲ. ವಿಎಂಡಿ ಆಫ್ ಮಾಡಿದ ಮರುಕ್ಷಣದಿಂದ ಆ ವಿಂಡೋಸ್ ನೀಲಿ ಪರದೆ ತೋರಿಸಿ ಬೂಟ್ ಆಗಲು ನಿರಾಕರಿಸಬಹುದು, ಡ್ರೈವಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನೂ ಕೇಳಬಹುದು. ಅಳಿಯನ ಡ್ರೈವ್ ಖಾಲಿಯಾಗಿದ್ದರೂ ನಾವು ಮೊದಲಿನ ಪರಿಹಾರವನ್ನೇ ಆರಿಸಿಕೊಂಡೆವು. ಡ್ರೈವರ್ ತೋರಿಸಿದೊಡನೆ ಪಟ್ಟಿಯಲ್ಲಿ ಡ್ರೈವ್ ಬಂತು.

ಲಿನಕ್ಸಿಗೂ ಒಂದು ಮಿತಿಯಿದೆ. 11ನೆಯ ತಲೆಮಾರಿಗಿಂತ ಹಿಂದಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸಿನ ‘ಸಾಟಾ ಮೋಡ್’ ಎಂಬ ಸೆಟ್ಟಿಂಗ್ ಎಎಚ್‌ಸಿಐ ಆಗಿರದೆ ಆರ್‌ಎಸ್‌ಟಿ ಅಥವಾ ರೇಡ್ ಆಗಿದ್ದರೆ, ಸರಿಯಿರುವ ಎನ್‌ವಿಎಂಇ ಡ್ರೈವ್ ಕೂಡ ಲಿನಕ್ಸಿಗೆ ಕಾಣುವುದಿಲ್ಲ. ಅಲ್ಲಿ ಬಯಾಸಿನ ಆ ಸಾಲನ್ನು ಓದಿಕೊಂಡೇ ಲಿನಕ್ಸಿನ ಮಾತನ್ನು ನಂಬಬೇಕು.

ಮೂರನೆಯದು ಯುಎಸ್‌ಬಿ ಎನ್‌ಕ್ಲೋಷರ್. ಡ್ರೈವನ್ನು ಅದರೊಳಗೆ ಕೂರಿಸಿ ಬೇರೊಂದು ಕಂಪ್ಯೂಟರಿಗೆ ಚುಚ್ಚಿದರೆ ಡ್ರೈವ್ ಬದುಕಿದೆಯೇ ಎಂಬುದು ಖಚಿತವಾಗಿ ಗೊತ್ತಾಗುತ್ತದೆ. ಇದಕ್ಕೆ ದುಡ್ಡು ಕೊಡಬೇಕು, ಮತ್ತು ಕೊಳ್ಳುವಾಗ ಎಚ್ಚರ ಬೇಕು. ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ‘ಎಂ.2 ಎನ್‌ಕ್ಲೋಷರ್’ ಎಂದು ಕೇಳಿದರೆ ಎನ್‌ವಿಎಂಇಗೆ ಮಾತ್ರ ಆಗುವುದು, ಸಾಟಾಕ್ಕೆ ಮಾತ್ರ ಆಗುವುದು, ಎರಡಕ್ಕೂ ಆಗುವುದು, ಈ ಮೂರರಲ್ಲಿ ಯಾವುದೂ ಕೈಗೆ ಬರಬಹುದು. ಎನ್‌ವಿಎಂಇ ಎನ್‌ಕ್ಲೋಷರಿಗೆ ಸಾಟಾ ಡ್ರೈವ್ ಹಾಕಿದರೆ ಅದು ಅಲ್ಲಿಯೂ ಕಾಣುವುದಿಲ್ಲ, ಒಳ್ಳೆಯ ಡ್ರೈವಿಗೆ ಕೆಟ್ಟದ್ದೆಂಬ ಹಣೆಪಟ್ಟಿ ಬೀಳುತ್ತದೆ. ರಿಯಲ್‌ಟೆಕ್ 9210ಬಿ ಚಿಪ್ ಇರುವುದು ಎರಡನ್ನೂ ಓದುತ್ತದೆ. ನಾನು ತಂದದ್ದು ಅಂಥದ್ದು.

ನನ್ನ ಹಳೆಯ ಲ್ಯಾಪ್‌ಟಾಪಿಗೆ ತಂದ ಡ್ರೈವ್ ಕೆಟ್ಟಿಲ್ಲ ಎಂಬುದು ಇತ್ಯರ್ಥವಾದದ್ದು ಇದರಿಂದಲೇ. ಸ್ಲಾಟಿನಲ್ಲಿ ಕಾಣದ ಡ್ರೈವ್ ಎನ್‌ಕ್ಲೋಷರಿನಲ್ಲಿ ಕೂಡಲೇ ಕಂಡಿತು. ಹಾಗಾದರೆ ಸ್ಲಾಟಿನ ಸಂಪರ್ಕವನ್ನು ನೋಡಬೇಕಾಯಿತು. ಕಡಲ ಗಾಳಿ ಬೀಸುವ ನಮ್ಮ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಲೋಹದ ಸಂಪರ್ಕಗಳು ಮಂಕಾಗುವುದು ಹೊಸದಲ್ಲ. ಬ್ಯಾಟರಿಯ ಕನೆಕ್ಟರ್ ತೆಗೆದು, ಡ್ರೈವಿನ ಬಂಗಾರದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸ್ವಲ್ಪ ಓರೆಯಾಗಿ ಹಿಡಿದು ಪೂರ್ತಿ ಒಳಕ್ಕೆ ತಳ್ಳಿದೆ. ಕೈಬಿಟ್ಟಾಗ ಡ್ರೈವಿನ ಹಿಂತುದಿ ಸ್ಪ್ರಿಂಗಿನಂತೆ ಮೇಲೆದ್ದು ನಿಲ್ಲಬೇಕು, ಬಂಗಾರದ ಗೆರೆ ಹೆಚ್ಚು ಕಡಿಮೆ ಮುಚ್ಚಿಹೋಗಿರಬೇಕು. ಆಮೇಲೆ ಒತ್ತಿ ಸ್ಕ್ರೂ ಹಾಕಬೇಕು. ಇಷ್ಟಾದರೂ ಬಯಾಸಿನ ಸಾಲು ಖಾಲಿಯೇ ಉಳಿಯಿತು.

ಕೊನೆಗೆ ಉತ್ತರ ಕೊಟ್ಟದ್ದು ಆ ಮಾದರಿಯ ಸರ್ವಿಸ್ ಮ್ಯಾನ್ಯುವಲ್: ಅದರ ಎಂ.2 ಸ್ಲಾಟ್ ಸಾಟಾಕ್ಕೆ ಮಾತ್ರ, ನಾನು ಹಾಕಿದ್ದು ಎನ್‌ವಿಎಂಇ ಡ್ರೈವ್. ಅಂಚಿನ ಕಚ್ಚನ್ನು ನೋಡಿ ಇದನ್ನು ಊಹಿಸಲಾಗದು. ಸಾಮಾನ್ಯವಾಗಿ ಎರಡು ಕಚ್ಚಿರುವುದು ಸಾಟಾ, ಒಂದೇ ಕಚ್ಚಿರುವುದು ಎನ್‌ವಿಎಂಇ ಎಂಬ ಮಾತು ಬಹುಮಟ್ಟಿಗೆ ನಿಜವಾದರೂ, ‘ಎಂ ಕೀ’ ಎಂಬ ಬಗೆಯ ಸ್ಲಾಟಿನಲ್ಲಿ ಎರಡೂ ಸಲೀಸಾಗಿ ಕೂರುತ್ತವೆ, ಒಳಗಿನ ತಂತಿಗಳು ಮಾತ್ರ ಯಾವುದೋ ಒಂದಕ್ಕಷ್ಟೇ ಹೋಗಿರಬಹುದು. 2280 ಎಂಬ ಅಳತೆ ಕೂಡ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂಬುದನ್ನಷ್ಟೇ ಹೇಳುತ್ತದೆ.

ಹೀಗೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಒಲವು ಲೈವ್ ಪೆನ್‌ಡ್ರೈವಿನ ಕಡೆಗೆ. ಡ್ರೈವ್, ಸ್ಲಾಟ್, ಬಯಾಸ್ ಮೂರೂ ಅದೇ ಲ್ಯಾಪ್‌ಟಾಪಿನೊಳಗೆ ಕೂಡಿ ಕೆಲಸ ಮಾಡುತ್ತಿವೆಯೇ ಎಂಬುದನ್ನು ತೋರಿಸುವುದು ಅದೊಂದೇ. ಅಲ್ಲಿ ಕಂಡರೆ ತೊಂದರೆ ವಿಂಡೋಸಿನ ಕಡೆಯದು, ಲ್ಯಾಪ್‌ಟಾಪನ್ನು ಬಿಚ್ಚುವ ಅಗತ್ಯವೇ ಇಲ್ಲ. ಬಯಾಸಿನಲ್ಲೂ ಲಿನಕ್ಸಿನಲ್ಲೂ ಕಾಣದಿದ್ದರೆ ಮಾತ್ರ ಮ್ಯಾನ್ಯುವಲ್ ಓದಿ, ಆಮೇಲೆ ಎನ್‌ಕ್ಲೋಷರಿಗೆ ದುಡ್ಡು ಹಾಕಬೇಕು. ಡ್ರೈವನ್ನು ವಾರಂಟಿಗೆ ಹಿಂದಿರುಗಿಸುವ ಯೋಚನೆಯಿದ್ದವರಿಗಂತೂ ಎನ್‌ಕ್ಲೋಷರಿನ ಪರೀಕ್ಷೆ ಬೇಕೇ ಬೇಕು.

ನನ್ನ ಲ್ಯಾಪ್‌ಟಾಪಿಗೆ ಕೊನೆಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಹಾಕಿಸಿದೆ. ಸಾಟಾದ ಎಂ.2 ಡ್ರೈವ್ ಹಾಕಿದ್ದರೂ ವೇಗ ಅಷ್ಟೇ, ಸೆಕೆಂಡಿಗೆ ಸುಮಾರು 550 ಎಂಬಿ. ಎನ್‌ವಿಎಂಇ ಡ್ರೈವ್ ಎನ್‌ಕ್ಲೋಷರಿನಲ್ಲೇ ಉಳಿದು ಮನೆಯವರೆಲ್ಲರ ಬ್ಯಾಕಪ್ಪಿಗೆ ಬಳಕೆಯಾಗುತ್ತಿದೆ.