ಬಾಂಡ್ ಪೇಪರ್ ಮೇಲೆ ಬರೆದ ಸೋಡಚೀಟಿ ವಿಚ್ಛೇದನವಲ್ಲ

ಕೋರ್ಟಿಗೆ ಹೋಗದೆ, ಗಂಡ-ಹೆಂಡತಿ ಬೇರೆಯಾದೆವು ಅಂತ ಬರೆದುಕೊಳ್ಳುವ ಕಾಗದಕ್ಕೆ ನಮ್ಮ ಹಾವೇರಿ ಕಡೆ ಸೋಡಚೀಟಿ ಅನ್ನುತ್ತಾರೆ. ನನ್ನ ತಂಗಿಗೆ ಅದನ್ನು ಬರೆಸಿಕೊಟ್ಟವನು ನಾನೇ. ಆ ಕಾಗದ ನಂಬಿ ಮೂರು ವರ್ಷ ನೆಮ್ಮದಿಯಾಗಿದ್ದೆವು. ಮನೆಯಲ್ಲಿ ಹೆಣ್ಣುಮಕ್ಕಳಿರುವ ಅಪ್ಪ, ಅಣ್ಣ-ತಮ್ಮಂದಿರು ದಯವಿಟ್ಟು ಓದಿ.

2018ರಲ್ಲಿ ತಂಗಿ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಬಂದ ಕಾರಣ ಇಲ್ಲಿ ಬೇಡ. ಮರುವರ್ಷ ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. "ಕೋರ್ಟಿಗೆ ಹೋದ್ರ ಹತ್ತು ವರ್ಷ ಚಪ್ಪಲಿ ಸವೀತಾವು, ಇಲ್ಲೇ ಬಗಿಹರಿಸಿಬಿಡ್ರಿ" ಅಂದರು. ತಹಶೀಲ್ದಾರ್ ಕಚೇರಿ ಮುಂದಿನ ಬರಹಗಾರನೊಬ್ಬ ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಟೈಪ್ ಮಾಡಿದ, ನೋಟರಿ ವಕೀಲರೊಬ್ಬರು ಮೊಹರು ಒತ್ತಿದರು. ಎಲ್ಲ ಸೇರಿ 6,000 ರೂಪಾಯಿ. ಇಂದಿನಿಂದ ಗಂಡ-ಹೆಂಡತಿ ಸಂಬಂಧ ಇರತಕ್ಕದ್ದಲ್ಲ, ಮಗಳು ತಾಯಿಯ ಹತ್ತಿರ ಇರತಕ್ಕದ್ದು, ತಾಯಿ ತನಗಾಗಲಿ ಮಗಳಿಗಾಗಲಿ ಜೀವನಾಂಶ ಕೇಳತಕ್ಕದ್ದಲ್ಲ ಅಂತ ಅದರಲ್ಲಿತ್ತು. ಸಹಿ ಹಾಕುವ ಮುಂಚೆ ತಂಗಿ ಕೇಳಿದಳು, "ಅಣ್ಣಾ, ಇದಕ್ಕ ಜಡ್ಜ್ ಸಹಿ ಬ್ಯಾಡೇನು?" "ನೋಟರಿ ಅಂದ್ರ ಸರ್ಕಾರದ ಸಿಕ್ಕಾನ ಅಲ್ಲೇನು, ಹಾಕವ್ವ" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

2022ರ ಒಂದು ಶನಿವಾರ. ಬೆಳಗಿನ ಶಾಲೆ ಬಿಟ್ಟು ಎಲ್ಲ ಮಕ್ಕಳೂ ಬಂದರು, ನಮ್ಮ ಕೂಸು ಬರಲಿಲ್ಲ. ಅಪ್ಪ ಬಂದು ಬೈಕ್ ಮೇಲೆ ಕರೆದುಕೊಂಡು ಹೋಗಿದ್ದ. ಹೆಡ್ ಮಾಸ್ತರರು ದಾಖಲಾತಿ ಪುಸ್ತಕ ತೆರೆದು ತೋರಿಸಿದರು, ತಂದೆಯ ಹೆಸರು ಇದೆ, ಬಿಡುವುದಿಲ್ಲ ಅಂತ ಹೇಗೆ ಹೇಳಲಿ ಎಂದರು. ಬಾಂಡ್ ಪೇಪರ್ ಹಿಡಿದು ಠಾಣೆಗೆ ಓಡಿದೆ. ಸಾಹೇಬರು ಪೂರ್ತಿ ಓದಿ ತಿರುಗಿ ಕೊಟ್ಟರು. "ಇದಕ್ಕ ಕಿಮ್ಮತ್ತಿಲ್ಲರೀ. ಇವರಿಬ್ರೂ ಇನ್ನೂ ಗಂಡ-ಹೆಂಡ್ತೀನ. ಕೂಸಿನ ತಂದಿ ಒಯ್ದಾನ, ಅಪಹರಣ ಅಂತ ಹೆಂಗ ಬರಕೊಳ್ಳಲಿ? ಕೋರ್ಟ್ ಆರ್ಡರ್ ತರ್ರಿ." ಹೊರಗಿನ ಬೆಂಚಿನ ಮೇಲೆ ಕೂತಿದ್ದ ತಂಗಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ತಡವಾಗಿ ಕಲಿತದ್ದು ಇದು. ಹಿಂದೂ ಮದುವೆಯನ್ನು ನೋಟರಿಯಾಗಲಿ ಪಂಚರಾಗಲಿ ಮುರಿಯಲಾಗದು. 1955ರ ಹಿಂದೂ ವಿವಾಹ ಕಾಯ್ದೆಯಡಿ ಕೋರ್ಟ್ ಡಿಕ್ರಿ, ಅಂದರೆ ಜಡ್ಜ್ ಕೊಡುವ ಅಂತಿಮ ತೀರ್ಪಿನ ಆದೇಶ ಬೇಕು. ಜಾತಿಯ ರೂಢಿಯಲ್ಲಿ ಬಂದ ವಿಚ್ಛೇದನಕ್ಕೆ ಕಾಯ್ದೆಯಲ್ಲಿ ಜಾಗ ಇದೆ, ನಿಜ. ಆದರೆ ಅಂಥ ರೂಢಿ ಉಂಟು ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ವಿಚ್ಛೇದನ ಪತ್ರ ಮಾಡಿಕೊಡಬೇಡಿ ಅಂತ ಕೇಂದ್ರ ಕಾನೂನು ಇಲಾಖೆಯೇ 2024ರಲ್ಲಿ ನೋಟರಿಗಳಿಗೆ ತಿಳಿಸಿದೆ. ಇನ್ನು ಮಗಳ ಜೀವನಾಂಶ ಮಗಳ ಹಕ್ಕು, ಅದನ್ನು ಅವ್ವ ಬಿಟ್ಟುಕೊಟ್ಟೆ ಅಂದರೂ ಹೋಗುವುದಿಲ್ಲ. ಅಷ್ಟರಲ್ಲಿ ತಂಗಿಯ ಗಂಡ ಇನ್ನೊಂದು ಮದುವೆಯಾಗಿದ್ದ. ಮೊದಲ ಮದುವೆ ಉಳಿದಿದ್ದರಿಂದ ಆ ಮದುವೆ ಅಸಿಂಧು. ಆ ಹುಡುಗಿಗೆ ಇದು ಗೊತ್ತೇ ಇರಲಿಲ್ಲ. ಅವಳ ಮನೆಯವರಿಗೂ ತೋರಿಸಿದ್ದು ಇದೇ ಬಾಂಡ್ ಪೇಪರ್!

ದಾರಿ ತೋರಿಸಿದ್ದು ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. 1987ರ ಕಾಯ್ದೆಯಿಂದಲೇ ಇದೆ, ನಮ್ಮ ಪಡಸಾಲೆಯಲ್ಲಿ ಕೂತ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ಕೊಟ್ಟ ವಕೀಲೆ ಮಗಳ ಸುಪರ್ದಿಗೆ ಅರ್ಜಿ ಹಾಕಿ, ಮಧ್ಯಂತರ ಆದೇಶ ಕೇಳಿದರು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅನ್ನುತ್ತದೆ ಕಾನೂನು, ನಮ್ಮ ಕೂಸಿಗೆ ಆಗ ಆರು ದಾಟಿತ್ತು. ಆದರೂ ಕೋರ್ಟು ಮೊದಲು ನೋಡುವುದು ಮಗುವಿನ ಹಿತ. ಐವತ್ತೆರಡು ದಿನಕ್ಕೆ ಕೂಸು ಮನೆಗೆ ಬಂತು. ಎಷ್ಟೋ ತಿಂಗಳು ರಾತ್ರಿ ಅವ್ವನ ಸೆರಗು ಕೈಗೆ ಸುತ್ತಿಕೊಂಡೇ ಮಲಗುತ್ತಿತ್ತು.

ಮಧ್ಯಸ್ಥಿಕೆಯಲ್ಲಿ ಅವನೂ ಒಪ್ಪಿದ. ಇಬ್ಬರೂ ಸೇರಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಅದಕ್ಕೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತಕರಾರುಗಳೆಲ್ಲ ಇತ್ಯರ್ಥವಾಗಿದ್ದರೆ, ಬೇರೆಯಾಗಿ ಸಾಕಷ್ಟು ಕಾಲ ಆಗಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಮಗೆ ಮನ್ನಾ ಆಯಿತು. ಹಿರಿಯರು ಹತ್ತು ವರ್ಷ ಅಂದಿದ್ದ ಕೆಲಸ ನಾಲ್ಕು ತಿಂಗಳಲ್ಲಿ ಮುಗಿಯಿತು. ಎಲ್ಲರಿಗೂ ಇಷ್ಟು ಬೇಗ ಆಗುತ್ತದೆ ಅನ್ನಲಾರೆ, ಒಬ್ಬರು ಒಪ್ಪದಿದ್ದರೆ ವರ್ಷಗಳೇ ಹಿಡಿಯುತ್ತವೆ. ಮಗಳ ತಿಂಗಳ ಖರ್ಚು, ಅಪ್ಪ ಯಾವ ಭಾನುವಾರ ಬಂದು ನೋಡಬೇಕು ಅನ್ನುವುದೆಲ್ಲ ಈಗ ಡಿಕ್ರಿಯಲ್ಲೇ ಇದೆ. ದೃಢೀಕೃತ ನಕಲು ಒಂದನ್ನು ಹೆಡ್ ಮಾಸ್ತರರಿಗೂ ಕೊಟ್ಟಿದ್ದೇವೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಸೋಡಚೀಟಿ ಇದ್ದರೆ ಮರುಮದುವೆಯ ಮಾತು ಎತ್ತುವ ಮೊದಲು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮದುವೆಯ ಫೋಟೊ, ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಸಿಟ್ಟಿನಲ್ಲಿ ಆ ಬಾಂಡ್ ಪೇಪರ್ ಹರಿದುಹಾಕಬೇಡಿ. ಇಬ್ಬರೂ ಯಾವಾಗಿನಿಂದ ಬೇರೆ ಇದ್ದಾರೆ ಅಂತ ತೋರಿಸಲು ನಮ್ಮ ವಕೀಲೆಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಅದರ ಮೇಲಿನ ತಾರೀಖು.