ಮುಚ್ಚಿಹೋದ ಕಂಪನಿಯ ವೆಬ್‌ಸೈಟ್ ಬರಹ: ನಕಲಿಸೋಣವೇ, ಕೊಂಡಿ ಕೊಡೋಣವೇ?

ಕಂಪನಿ ಬಾಗಿಲು ಹಾಕಿತೆಂದ ಮಾತ್ರಕ್ಕೆ ಅದರ ಬರಹ, ಚಿತ್ರಗಳು ಊರ ಆಸ್ತಿಯಾಗುವುದಿಲ್ಲ. ಹಕ್ಕುಸ್ವಾಮ್ಯವೂ ಮಾರಾಟವಾಗುವ ಸ್ವತ್ತೇ. ಬ್ರಾಂಡ್ ಕೊಂಡವರ ಕೈ ಸೇರಿರಬಹುದು. ಭಾರತದಲ್ಲಿ ಬರಹಗಾರ ತೀರಿಕೊಂಡ ಮೇಲೂ 60 ವರ್ಷ ರಕ್ಷಣೆ ಉಂಟು.

ಹಳೆಯ ಪಂಪ್‌ಸೆಟ್ಟಿನ ಕೈಪಿಡಿಯನ್ನೇ ತೆಗೆದುಕೊಳ್ಳಿ. ಪೂರ್ತಿ ನಕಲಿಸಿದರೆ ರೈತರಿಗೂ ಮೆಕ್ಯಾನಿಕ್‌ಗೂ ಎಲ್ಲ ಒಂದೇ ಕಡೆ ಸಿಗುತ್ತದೆ, ನಿಜ. ಆದರೆ ಹಕ್ಕುದಾರರ ನೋಟಿಸ್ ಬಂದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಹಳೆಯ ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ತಾಣವಾದ ವೇಬ್ಯಾಕ್ ಮಷೀನ್‌ನಲ್ಲಿ ಉಳಿದ ಪುಟಕ್ಕೆ ಕೊಂಡಿ ಕೊಡುವುದು ಇದಕ್ಕಿಂತ ಎಷ್ಟೋ ಸುರಕ್ಷಿತ. ಅಲ್ಲಿ ಚಿತ್ರಗಳು ಕೆಲವೊಮ್ಮೆ ತೆರೆಯುವುದಿಲ್ಲ. ಪುಟವನ್ನೇ ತೆಗೆದುಹಾಕುವುದೂ ಉಂಟು.

ನನ್ನ ಒಲವು ಮೂರನೆಯ ದಾರಿಯತ್ತ. ಅಶ್ವಶಕ್ತಿ, ಬೇರಿಂಗ್ ಸಂಖ್ಯೆ, ಇಂಪೆಲ್ಲರ್ ಅಳತೆಯಂಥ ಬಿಡಿ ಮಾಹಿತಿಗೆ ಹಕ್ಕುಸ್ವಾಮ್ಯವಿಲ್ಲ. ಅದನ್ನು ಹೇಳಿದ ವಾಕ್ಯಕ್ಕೆ, ಬರೆದ ನಕ್ಷೆಗೆ ಇದೆ. ಹಾಗಾಗಿ ವಿವರಣೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಪಂಪ್ ಬಿಚ್ಚಿ ನೀವೇ ಫೋಟೋ ತೆಗೆಯಿರಿ, ಜೊತೆಗೆ ಹಳೆಯ ಪುಟದ ಕೊಂಡಿಯನ್ನೂ ಹಾಕಿ. ಶ್ರಮ ಹೆಚ್ಚು, ಆದರೆ ಬರಹ ನಿಮ್ಮದೇ.

ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸುವುದಾದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ, ಮೂಲವನ್ನು ಹೆಸರಿಸಿ. ಇಡೀ ಕೈಪಿಡಿ ಮರುಪ್ರಕಟಿಸಲೇಬೇಕೆಂದಿದ್ದರೆ ಮೊದಲು ಲಿಕ್ವಿಡೇಟರ್ (ಮುಚ್ಚಿದ ಕಂಪನಿಯ ಆಸ್ತಿ ವಿಲೇವಾರಿ ಮಾಡುವವರು) ಅಥವಾ ಬ್ರಾಂಡ್ ಕೊಂಡವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.