ಕೆಂಪು ಎಕ್ಸಿಟ್ ಬೋರ್ಡ್ ಹಾಕಿಸುವ ಮುಂಚೆ ಇದನ್ನು ಓದಿ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್, ಓದುವ ಹಾಲ್ ಅಂತ ಹೊಸದಾಗಿ ಶುರು ಮಾಡುವವರು ಈಗ ಬಹಳ. ನಮ್ಮ ಅಣ್ಣನೂ ಒಂದು ಮಹಡಿ ಬಾಡಿಗೆ ಹಿಡಿದು, ಒಳಗಿನ ಕೆಲಸವನ್ನೆಲ್ಲ ಹುಬ್ಬಳ್ಳಿಯ ಒಬ್ಬ ಕಾಂಟ್ರಾಕ್ಟರ್‌ಗೆ ಕೊಟ್ಟ. ಆತ ಬಾಗಿಲುಗಳ ಮೇಲೆ ಕೆಂಪು ಅಕ್ಷರದ ಎಕ್ಸಿಟ್ ಬೋರ್ಡ್ ಹಾಕಿಸಿದ. ಕೇಳಿದರೆ, "ಫಾರಿನ್ ಮಾಡೆಲ್ ಐತ್ರಿ ಸರ್, ಗ್ವಾಡಿ ಬಣ್ಣಕ್ಕ ಚಲೋ ಒಪ್ಪತೈತಿ" ಅಂದ.

ಅಗ್ನಿಶಾಮಕದವರು ಪರಿಶೀಲನೆಗೆ ಬಂದಾಗ ಮೊದಲು ಬೆರಳು ತೋರಿಸಿದ್ದೇ ಆ ಬೋರ್ಡ್‌ಗಳಿಗೆ. ಹಸಿರು ಹಾಕಿಸಿ, ಆಮೇಲೆ ಮುಂದಿನ ಮಾತು ಅಂದರು.

ಅಮೆರಿಕದ ಎಷ್ಟೋ ಊರುಗಳಲ್ಲಿ ಕೆಂಪು ಎಕ್ಸಿಟ್ ಬೋರ್ಡ್ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಕಾಣುವ ಫೋಟೋಗಳಲ್ಲೂ ಅದೇ ಜಾಸ್ತಿ. ನಮ್ಮಲ್ಲಿ ಹಾಗಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹೊರದಾರಿಯ ಫಲಕ ಹಸಿರು. ಐಎಸ್ 9457 ಎನ್ನುವ ಸುರಕ್ಷತಾ ಬಣ್ಣಗಳ ಮಾನದಂಡವೂ ಸುರಕ್ಷಿತ ದಾರಿಗೆ ಹಸಿರನ್ನೇ ಇಟ್ಟಿದೆ. ಕೆಂಪು ಇರುವುದು "ಮಾಡಬೇಡಿ" ಅನ್ನುವ ಸೂಚನೆಗೆ, ಬೆಂಕಿ ಆರಿಸುವ ಸಿಲಿಂಡರ್ ಮತ್ತು ಹೋಸ್ ಪೆಟ್ಟಿಗೆಗೆ. ಹೊಗೆ ತುಂಬಿದ ಹಾಲ್‌ನಲ್ಲಿ ಗಾಬರಿಯಾದ ಹುಡುಗರು ಬಾಗಿಲ ಮೇಲೆ ಕೆಂಪು ದೀಪ ನೋಡಿದರೆ ಏನಂದುಕೊಳ್ಳಬೇಕು? ಅದೂ ಅಲ್ಲದೆ, ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪಿಗಿಂತ ಹಸಿರು ಚೆನ್ನಾಗಿ ಕಾಣುತ್ತದೆ. ಗೋಡೆಗೆ ಒಪ್ಪುತ್ತದೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ.

ನನಗೆ ಹೆಚ್ಚು ಸಿಟ್ಟು ಬಂದದ್ದು ಬಣ್ಣಕ್ಕಲ್ಲ. ಬೋರ್ಡ್ ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿಯೇ ಇಲ್ಲ! ಸುಮ್ನೆ ಮೇನ್ ಲೈನಿಗೆ ಜೋಡಿಸಿದ್ದರು. ಕರೆಂಟ್ ಹೋದರೆ ಬೋರ್ಡೂ ಕತ್ತಲೆ. ಬೇರೆ ಯಾವ ಬ್ಯಾಕಪ್ಪೂ ಇರಲಿಲ್ಲ. 2016ರ ಸಂಹಿತೆ ಕೇಳುವುದು ತುರ್ತು ಬೆಳಕು ಕನಿಷ್ಠ 90 ನಿಮಿಷ ಉರಿಯಬೇಕು ಅಂತ. ಸಾಲದ್ದಕ್ಕೆ ಒಂದು ಬೋರ್ಡ್ ಸ್ಟೋರ್ ರೂಮಿನ ಬಾಗಿಲ ಮೇಲಿತ್ತು. ಆ ಕಡೆ ಓಡಿದವರಿಗೆ ಸಿಗುವುದು ಮುರಿದ ಬೆಂಚು, ಪೊರಕೆ ಅಷ್ಟೇ.

ಕಾಂಟ್ರಾಕ್ಟರ್ ಬದಲಿಸಿಕೊಡಲಿಲ್ಲ. "ನೀವ ಓಕೆ ಅಂದಿದ್ರಿ" ಅಂತ ಜಾರಿಕೊಂಡ. ಗೋಡೆಗೆ ಕೂರಿಸಿದ ಮಾಲು ಅಂತ ಮಾರಿದವರೂ ವಾಪಸ್ ತಗೊಳ್ಳಲಿಲ್ಲ. ಪೂರ್ತಿ ಬಿಲ್ ಮೊದಲೇ ಕೊಟ್ಟಾಗಿತ್ತು. ಹಾಗಾಗಿ ಹೊಸ ಬೋರ್ಡ್‌ಗಳ ಖರ್ಚು ಅಣ್ಣನ ತಲೆಗೇ ಬಂತು.

ಕೊಟೇಶನ್‌ನಲ್ಲಿ ಬರೀ "ಎಕ್ಸಿಟ್ ಬೋರ್ಡ್" ಅಂತಿದ್ದರೆ ಒಪ್ಪಬೇಡಿ. ಹಸಿರು, ಓಡುವ ಮನುಷ್ಯನ ಚಿತ್ರ, ಬಾಣದ ಗುರುತು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಲ್ಲವನ್ನೂ ಬರೆಸಿಕೊಳ್ಳಿ. ಕೊನೆಯ ಕಂತು ಕೊಡುವ ಮುಂಚೆ ಸಂಜೆ ಹೊತ್ತಿಗೆ ಮೇನ್ ಸ್ವಿಚ್ ಆಫ್ ಮಾಡಿಸಿ, ಕಾಂಟ್ರಾಕ್ಟರ್‌ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದೂವರೆ ಗಂಟೆ ನೋಡಿ. ಚಹಾ ತರಿಸಿದರೆ ಹೊತ್ತು ಹೋಗುತ್ತದೆ.